ಇಂಗ್ಲಿಷ್ ಕಲಿಸಲು ಹೋದ ದಿನ

ಡಿಪ್ಲೊಮಾ ಮುಗಿಸಿ ಯೂನಿವರ್ಸಿಟಿ ಸೇರಬೇಕಿತ್ತು. ಅರ್ಜಿಯಲ್ಲಿ ‘ಓದಿನಾಚೆ ಏನು ಮಾಡಿದ್ದೀರಿ?’ ಎಂದು ಕೇಳಿದ್ದರು. ಏನೂ ಮಾಡಿರಲಿಲ್ಲ. ಕೊನೆಗೆ ನಾವಿದ್ದ ಕ್ರಾನ್‌ಬರ್ನ್ ಬಡಾವಣೆಯಲ್ಲಿ, ಬೇರೆ ದೇಶಗಳಿಂದ ಬಂದ ಹೊಸಬರಿಗೆ ಇಂಗ್ಲಿಷ್ ಕಲಿಸುವ ತರಗತಿಯೊಂದಕ್ಕೆ ವಾಲಂಟಿಯರ್ ಆಗಲು ಹೋದೆ.

ಅಲ್ಲಿನ ವಯಸ್ಸಾದ ಟೀಚರ್ ನನ್ನ ಕೈಹಿಡಿದು ಕಲಿಯುವವರ ಜೊತೆ ಕೂರಿಸಿ, “ಹೆದರಬೇಡಮ್ಮ, ನಿಧಾನವಾಗಿ ಹೆಸರು ಹೇಳು” ಎಂದರು. ಗಾಬರಿಯಲ್ಲಿ ಹೆಸರು ಹೇಳಲೂ ತೊದಲಿದೆ. ಅಲ್ಲಿಗೆ ನಾನೂ ಕಲಿಯಲು ಬಂದವಳೆಂದು ಅವರಿಗೆ ಖಾತ್ರಿಯಾಯಿತು. ಗಂಟೆಯಿಡೀ ತರಕಾರಿಗಳ ಹೆಸರು ಒಪ್ಪಿಸಿದೆ.

ಎಲ್ಲರೂ ಎದ್ದ ಮೇಲೆ ಧೈರ್ಯಮಾಡಿ, “ಮೇಡಂ, ನಾನು ಕಲಿಸೋಕೆ ಬಂದಿದ್ದೆ” ಎಂದೆ.

ಅವರು ಮುಖ ಮುಚ್ಚಿಕೊಂಡು ನಕ್ಕರು. “ಹಾಗಾದ್ರೆ ಮುಂದಿನ ವಾರದಿಂದ ಕಲಿಸು. ಇಲ್ಲಿ ಕೂತವರ ಭಯ ನಿನಗೀಗ ಗೊತ್ತು.”

ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ತರಗತಿಯ ಅಫ್ಘನ್ ಅಜ್ಜಿಯೊಬ್ಬರು ಮಾತ್ರ ಇಂದಿಗೂ ನನ್ನ ಉಚ್ಚಾರಣೆ ತಿದ್ದುತ್ತಾರೆ.