ಗೋಣಿ ಕಟ್ಟಿದ ಹಲಸು

ಆಗ ನನಗೆ ಅರವತ್ತನಾಲ್ಕು ವರ್ಷ. ಇದು ಒಂಬತ್ತು ವರ್ಷದ ಹಿಂದಿನ ಮಾತು. ಒಂಟಿಕೊಪ್ಪಲಿನ ನಮ್ಮ ಮನೆಯ ಹಿತ್ತಲಲ್ಲಿದ್ದ ಹಲಸಿನ ಮರ ಅದೇ ಮೊದಲ ಸಲ ಕಾಯಿ ಬಿಟ್ಟಿತ್ತು. ಒಂದೇ ಒಂದು ಕಾಯಿ. ಅದೂ ಸೊಂಟದೆತ್ತರದಲ್ಲಿ, ಬೊಡ್ಡೆಗೆ ಅಂಟಿಕೊಂಡು.

ಮರ ನನ್ನದಲ್ಲ. ಹಿತ್ತಲು ಎರಡು ಮನೆಗೂ ಸೇರಿದ್ದು. ಮುಂದಿನ ಮನೆ ನಮ್ಮದು, ಹಿಂದಿನದು ನನ್ನ ಓರಗಿತ್ತಿಯದು. ನನ್ನ ಗಂಡನ ಅಣ್ಣನ ಹೆಂಡತಿ ಅವಳು, ನಾನು ಅಕ್ಕ ಅನ್ನುತ್ತೇನೆ. ಮರ ನೆಟ್ಟವಳು ಅವಳೇ. ತವರಿನಲ್ಲಿ ತಿಂದ ಹಣ್ಣಿನ ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಬಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಊರಿದ್ದಳು. ಒಗೆದ ನೀರು ಕುಡಿದು ಮರ ಮನೆಯನ್ನೂ ಮೀರಿ ಬೆಳೆಯಿತು. ಕಾಯಿ ಮಾತ್ರ ಬಿಡಲಿಲ್ಲ. ಅವಳಿಗೂ ಮಕ್ಕಳಾಗಲಿಲ್ಲ. ಎರಡನ್ನೂ ಸೇರಿಸಿ ಮಾತಾಡುವ ಜನ ಇದ್ದರು. ಎಲ್ಲರಿಗಿಂತ ಹೆಚ್ಚು ನಮ್ಮ ನಾದಿನಿ. ಸರಸ್ವತಿಪುರದಿಂದ ಬಂದಾಗಲೆಲ್ಲ ನೆಟ್ಟಗೆ ಹಿತ್ತಲಿಗೆ ಹೋಗಿ ಮರ ನೋಡಿ, "ಏನತ್ತಿಗೆ, ಇನ್ನೂ ಗೊಡ್ಡೇನಾ?" ಅನ್ನುತ್ತಿದ್ದಳು. ಮರದ ವಿಷಯವನ್ನೇ ಕೇಳಿದ್ದು ಅಂತ ಇಟ್ಟುಕೊಳ್ಳೋಣ. ಅಕ್ಕ ಕಾಫಿ ಇಡಲು ಒಳಗೆ ಹೋಗುತ್ತಿದ್ದಳು.

ನಮ್ಮಲ್ಲಿ ಹೊಸ ಮರದ ಮೊದಲ ಹಣ್ಣನ್ನು ಮನೆಯವರು ಮುಟ್ಟುವುದಿಲ್ಲ. ಅದು ಮಠಕ್ಕೆ ಹೋಗಬೇಕು. ಆ ವರ್ಷ ಮಠದ ಸ್ವಾಮಿಗಳು ನಮ್ಮ ಮನೆಗೇ ಪಾದಪೂಜೆಗೆ ಬರಲು ಒಪ್ಪಿದ್ದರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆಂಟರಿಗೆಲ್ಲ ಫೋನು ಮಾಡಿ, "ನಮ್ಮ ಹಿತ್ತಲ ಹಲಸಿನ ಹಣ್ಣನ್ನೇ ಬುದ್ಧಿಯೋರ ಮುಂದೆ ಇಡ್ತೀನಿ, ಬನ್ನಿ" ಅಂದುಬಿಟ್ಟಳು. ನಾದಿನಿಗೆ ಎರಡೆರಡು ಸಲ ಮಾಡಿದಳು. ಕಾಯಿಯನ್ನು ಮಾತ್ರ ಒಂದು ಮಾತು ಕೇಳಲಿಲ್ಲ.

ಆಮೇಲೆ ದೃಷ್ಟಿಯ ಭಯ ಹಿಡಿಯಿತು. ಕೋತಿಗಳ ಕಾಟವೂ ಇತ್ತು, ಸುಳ್ಳಲ್ಲ. ಒಂದು ಹಳೆಯ ಗೋಣಿಚೀಲವನ್ನು ಬಿಚ್ಚಿ ಕಾಯಿಗೆ ಸುತ್ತಿನ ಮೇಲೆ ಸುತ್ತು ಸುತ್ತಿ, ತೊಟ್ಟಿನ ಹತ್ತಿರ ಹುರಿಯಿಂದ ಬಿಗಿದು, ಮೇಲೊಂದು ಹರಿದ ಚಪ್ಪಲಿ ಕಟ್ಟಿದಳು. ಸ್ವಾಮಿಗಳಿಗೆ ಕೊಡುವ ಹಣ್ಣಿಗೆ ಚಪ್ಪಲಿ ಯಾಕಕ್ಕ ಅಂದೆ.

"ಚಪ್ಪಲಿ ಗೋಣಿಗೆ ಕಣೆ, ಹಣ್ಣಿಗಲ್ಲ" ಅಂದಳು.

ಹಲಸು ಬಲಿತದ್ದನ್ನು ತಿಳಿಯಲು ಓದು ಬೇಕಿಲ್ಲ. ಎಳೆಯದರ ಮುಳ್ಳು ಒತ್ತೊತ್ತಾಗಿ ಚೂಪಾಗಿರುತ್ತದೆ. ಬಲಿತಂತೆ ಕಾಯಿ ಊದಿ ಮುಳ್ಳು ಮೊಂಡಾಗಿ ದೂರ ಸರಿಯುತ್ತದೆ. ಹಸಿರು ಮಾಸುತ್ತದೆ, ತೊಟ್ಟಿನ ಹತ್ತಿರದ ಎಲೆ ಹಳದಿಯಾಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಎಳೆಯದು ಟಣ್ ಅನ್ನುತ್ತದೆ, ಬಲಿತದ್ದು ದಬ್ ಅನ್ನುತ್ತದೆ. ಗೋಣಿ ಸುತ್ತಿದ ಮೇಲೆ ಕಣ್ಣಿಗೆ ಏನೂ ಕಾಣದು. ಮೂಗಿಗೆ ಗೋಣಿಯ ವಾಸನೆ. ಉಳಿದದ್ದು ಕಿವಿಯೊಂದೇ. ಅಕ್ಕ ದಿನಾ ಬೆಳಿಗ್ಗೆ ಹೋಗಿ ಗೋಣಿಯ ಮೇಲೇ ತಟ್ಟಿ ಬರುತ್ತಿದ್ದಳು.

ಪೂಜೆ ಇದ್ದದ್ದು ಸೋಮವಾರ. ಹಿಂದಿನ ಗುರುವಾರ ನಾನು ಬಟ್ಟೆ ಒಗೆಯುತ್ತಿದ್ದೆ. ಅಕ್ಕ ಕುಡುಗೋಲು, ಒಂದು ಬಟ್ಟಲು ಉಪ್ಪು, ಒಂದು ಬೇವಿನ ಗೂಟ ಹಿಡಿದುಕೊಂಡು ಬಂದಳು. ಕೊಯ್ದ ಹಲಸಿನ ತೊಟ್ಟಿಗೆ ಗೂಟ ಹೊಡೆದು ಉಪ್ಪು ತುಂಬಿದರೆ ಬೇಗ ಹಣ್ಣಾಗುತ್ತದೆ ಅನ್ನುತ್ತಾರೆ. ಬಲಿತಿದ್ದರೆ ಆಗುತ್ತದೆ. ಎಳೆಯದಾದರೆ ಕೊಳೆಯುತ್ತದೆ, ಅಷ್ಟೆ.

"ಕೊಯ್ತೀನಿ ಕಣೆ. ದಬ್ ದಬ್ ಅಂತದೆ."

"ಯಾವಾಗಿಂದ?"

"ಗೋಣಿ ಕಟ್ಟಿದ್ ದಿನದಿಂದ್ಲೂ."

"ಹಂಗಾದ್ರೆ ಅದು ಕಾಯಿ ಸದ್ದಲ್ಲಕ್ಕ, ಗೋಣಿ ಸದ್ದು. ನನ್ ತಲೆಗೆ ಗೋಣಿ ಸುತ್ತಿ ತಟ್ಟು, ಅದೂ ದಬ್ ಅಂತದೆ."

"ನಿನ್ ತಲೆ ಗೋಣಿ ಇಲ್ದೇನೂ ಅಂಗೇ ಅಂತದೆ ಬುಡು."

ನನಗೆ ನಗು ಬಂತು. ಅವಳು ನಗಲಿಲ್ಲ.

"ಬಿಚ್ಚು, ನೋಡಾಣ" ಅಂದೆ.

"ಬಿಚ್ಚಿದ್ರೆ ದೃಷ್ಟಿ ಆಯ್ತದೆ."

"ಯಾರ್ದು, ನಂದಾ?"

ಅಕ್ಕ ನನಗೂ ಕಾಯಿಗೂ ನಡುವೆ ಬಂದು ನಿಂತಳು. ನನ್ನ ಕಣ್ಣಿಗೂ ಹೆದರಿದ್ದಳು ಅಂತ ಆಗ ತಿಳಿಯಿತು. ಬೇಜಾರು ಮಾಡಿಕೊಳ್ಳುವ ಹೊತ್ತಾಗಿರಲಿಲ್ಲ ಅದು.

"ನೋಡಕ್ಕ, ಎಳೇದ್ರಲ್ಲೇ ಕೊಯ್ದ್ರೆ ಸೋಮವಾರ ನಮ್ ನಾದಿನಿ ಮುಂದೆ ರಬ್ಬರ್ ಬಿಚ್ಚಿ ಇಡ್ತೀಯ. ಇರೋದು ಒಂದೇ ಕಾಯಿ. ಬರೋ ವರ್ಷ ಬಿಡ್ತದೋ ಇಲ್ವೋ, ಯಾರ್ಗೆ ಗೊತ್ತು? ಮರ ನಿಂದು, ನಿನ್ನಿಷ್ಟ."

ಅಷ್ಟು ಹೇಳಿ ಬಟ್ಟೆ ಕುಕ್ಕಲು ಬಗ್ಗಿದೆ. ಆಮೇಲೆ ಬೆನ್ನ ಹಿಂದೆ ಹುರಿ ಕೊಯ್ಯುವ ಸದ್ದು ಬಂತು.

ಗೋಣಿ ಬಿದ್ದಿತ್ತು. ಕಾಯಿ ಕಡುಹಸಿರು, ಮುಳ್ಳು ಹೊಸ ಬಾಚಣಿಗೆಯ ಹಲ್ಲಿನ ಹಾಗೆ. ಅಕ್ಕ ತಟ್ಟಿದಳು. ಟಣ್. ಇನ್ನೊಂದು ಕಡೆ ತಟ್ಟಿದಳು. ಅಲ್ಲೂ ಟಣ್. ಕುಡುಗೋಲು ಕೆಳಗಿಟ್ಟು ಒಗೆಯುವ ಕಲ್ಲಿನ ಮೇಲೆ, ನನ್ನ ಒದ್ದೆ ಬಟ್ಟೆಯ ಮೇಲೇ ಕೂತುಬಿಟ್ಟಳು.

"ಈಗ ಅವ್ಳಿಗೆ ಏನಂತ ಹೇಳ್ಲೇ?"

"ಇನ್ನೂ ಬಲ್ತಿಲ್ಲ ಅನ್ನು."

"ನಗ್ತಾಳೆ."

"ನಗ್ಲಿ, ಹಲ್ಲು ಅವ್ಳದು. ನೀನ್ ಎದ್ದೇಳು, ಸೀರೆ ಒದ್ದೆ ಆಯ್ತದೆ."

ಗೋಣಿಯನ್ನು ನಾನು ಆವತ್ತೇ ಒಗೆದು ಹಿತ್ತಲ ಬಾಗಿಲಿಗೆ ಕಾಲೊರೆಸಲು ಹಾಕಿದೆ. ಮತ್ತೆ ಕಟ್ಟಲು ಅವಳು ಅದನ್ನು ಕೇಳಲಿಲ್ಲ.

ಸೋಮವಾರ ಸ್ವಾಮಿಗಳು ಬಂದರು, ಪೂಜೆ ಆಯಿತು. ತಟ್ಟೆಯಲ್ಲಿ ಮಾರ್ಕೆಟ್ಟಿನ ಬಾಳೆಹಣ್ಣು ಇತ್ತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಾದಿನಿ ಎಲ್ಲರಿಗೂ ಕೇಳುವ ಹಾಗೆ, "ಎಲ್ಲತ್ತಿಗೆ ಹಲಸು? ಫೋನಲ್ಲೇ ಘಮ ಘಮ ಅಂತಿತ್ತು?" ಅಂದಳು. ಅಲ್ಲಿದ್ದವರು ಕೆಲವರು ನಕ್ಕರು.

ಅಕ್ಕ ಎಂದಿನ ಹಾಗೆ ಅಡಿಗೆಮನೆಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ನಾದಿನಿಯ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ನೋಡೋಣ ಅಂತ ಉಳಿದವರೂ ಹಿಂದೆ ಹೋದರು, ನಾನೂ ಹೋದೆ. ಅಕ್ಕ ಅವಳ ಅಂಗೈಯನ್ನು ಕಾಯಿಯ ಮೇಲಿಟ್ಟು ಒತ್ತಿದಳು.

"ಅಯ್ಯೋ, ಚುಚ್ತದೆ ಬುಡಿ ಅತ್ತಿಗೆ!"

"ಚುಚ್ತದಲ್ವಾ? ಅದಕ್ಕೇ ಕೊಯ್ದಿಲ್ಲ ಕಣಮ್ಮ. ಚುಚ್ಚೋದು ನಿಂತ್ಮೇಲೆ ಕೊಯ್ತೀನಿ. ಇನ್ಮೇಲೆ ಇದನ್ನ ಗೊಡ್ಡು ಅನ್ಬೇಡ."

ನಾದಿನಿ ಅಂಗೈ ಉಜ್ಜಿಕೊಂಡಳು. ಕಾಯಿ ಬರಿಮೈಯಲ್ಲಿತ್ತು, ಬಂದವರೆಲ್ಲ ನೋಡಿದರು. ದೃಷ್ಟಿ ತಾಕುವುದಿದ್ದರೆ ಆವತ್ತೇ ತಾಕಬೇಕಿತ್ತು. ಸ್ವಾಮಿಗಳು ಹೊರಟಾಗ ಅಕ್ಕನೇ ಮುಂದೆ ಹೋಗಿ, "ಬುದ್ಧೀ, ಕಾಯಿ ಇನ್ನೂ ಬಲ್ತಿಲ್ಲ, ತಪ್ಪು ತಿಳ್ಕೋಬೇಡಿ" ಅಂದಳು. "ಹಣ್ಣಾದಾಗ ಕಳ್ಸಿ ತಾಯಿ" ಅಂದು ಕಾರು ಹತ್ತಿದರು.

ಮಳೆ ಶುರುವಾಗುವ ಹೊತ್ತಿಗೆ ತೊಟ್ಟಿನ ಎಲೆ ಹಳದಿಯಾಯಿತು. ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಕೂಗಿ ಕರೆದು ತಟ್ಟು ಅಂದಳು. ನಾನು ತಟ್ಟಿದೆ. ದಬ್. ಅವಳೇ ಕೊಯ್ದಳು. ತೊಟ್ಟಿನಿಂದ ಬಂದ ಹಾಲು ನೀರಿನ ಹಾಗೆ ತೆಳ್ಳಗಿತ್ತು, ಅದೂ ಬಲಿತದ್ದರ ಗುರುತೇ. ಗೂಟ ಹೊಡೆಯಲಿಲ್ಲ, ಉಪ್ಪು ತುಂಬಲಿಲ್ಲ. ಕೋಣೆಯ ಮೂಲೆಯಲ್ಲಿ ಸುಮ್ಮನೆ ಇಟ್ಟಳು. ಘಮಲು ನಮ್ಮ ಮನೆಯವರೆಗೂ ಬಂದ ದಿನ ಇಬ್ಬರೂ ಆಟೋದಲ್ಲಿ ಮಠಕ್ಕೆ ತೆಗೆದುಕೊಂಡು ಹೋದೆವು. ಆಟೋದವನು ಹಲಸಿನ ವಾಸನೆಗೆ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದ.

ಮಠದಲ್ಲಿ ಅದನ್ನು ಹೆಚ್ಚಿ, ಅರ್ಧವನ್ನು ಪ್ರಸಾದ ಅಂತ ನಮಗೇ ವಾಪಸು ಕೊಟ್ಟರು. ತೊಳೆ ಅರಿಶಿನದ ಬಣ್ಣಕ್ಕಿತ್ತು. ಚೆನ್ನಾಗಿ ಸಿಹಿ, ಆದರೆ ನಾರು ಜಾಸ್ತಿ. ಅದನ್ನೂ ಹೇಳಿದೆ.

"ನಾರಿದ್ರೆ ಇರ್ಲಿ, ಬಾಯಿ ಮುಚ್ಕೊಂಡು ತಿನ್ನು" ಅಂದಳು ಅಕ್ಕ. ಆಮೇಲೆ ಒಂದು ಡಬ್ಬಿಗೆ ತೊಳೆ ತುಂಬಿಕೊಂಡು, ಅದೇ ಸಾಯಂಕಾಲ ಸಿಟಿ ಬಸ್ಸು ಹತ್ತಿ ನಾದಿನಿಯ ಮನೆಗೆ ಹೋದಳು. ವಾಪಸು ಬಂದಾಗ ನಾನು ಬಾಗಿಲಲ್ಲೇ ಇದ್ದೆ.

"ಏನಂದ್ಲು?"

"ತಿಂದ್ಲು. ನೆಡೋಕೆ ಬೀಜ ಕೊಡಿ ಅಂದ್ಲು."

"ಕೊಟ್ಯಾ?"

"ಒಂದ್ ಕೊಟ್ಟೆ."

ಮಿಕ್ಕ ಬೀಜವನ್ನೆಲ್ಲ ತಂದು ನನ್ನ ಸೆರಗಿಗೆ ಸುರಿದು, ಕಾಲು ನೋಯ್ತದೆ ಅಂತ ಮಲಗಲು ಹೋದಳು.

ಮಾರನೆಯ ಬೆಳಿಗ್ಗೆ ನಾನು ಆ ಬೀಜವನ್ನು ಜಜ್ಜಿ, ಸಿಪ್ಪೆ ತೆಗೆದು, ಬದನೆಕಾಯಿ ಜೊತೆ ಹಾಕಿ ಸಾರು ಮಾಡಿದೆ. ಒಂದು ಪಾತ್ರೆ ಅಕ್ಕನ ಮನೆಗೆ ಕೊಟ್ಟು ಬಂದೆ.