ಕೇಸ್ ನಂಬರ್ ತಾವೇ ಹೇಳಿದ ಡ್ರೈವರ್

"ಹೆಸರು ಹಾಕಿ ಹುಡುಕಿದ್ರೆ ಸಿಗುದಿಲ್ಲ ಅಕ್ಕ. ಅದೇ ಹೆಸರಿನವರು ಸುಮಾರು ಜನ ಇದ್ದಾರೆ. ಕೇಸ್ ನಂಬರ್ ಹೇಳ್ತೇನೆ, ಅದನ್ನು ಹಾಕಿ."

ಕಡಬದ ನಮ್ಮ ಮನೆ ಗೇಟಿನೆದುರು ಸ್ಕೂಲ್ ವ್ಯಾನಿನ ಹೊಸ ಡ್ರೈವರ್ ವಸಂತಣ್ಣ ಹೀಗೆಂದಾಗ ಮೊಬೈಲ್ ನನ್ನ ಕೈಯಿಂದ ಜಾರುವುದೊಂದು ಬಾಕಿ. ಅವರ ಮೇಲೆ ಹಳೆಯ ಕೇಸ್ ಉಂಟೆಂದು ಯಾರೋ ಹೇಳಿದ್ದರು. ಮಗಳನ್ನು ವ್ಯಾನ್ ಹತ್ತಿಸುವ ಮೊದಲು ನಾನು ಕೋರ್ಟಿನ ವೆಬ್‌ಸೈಟಿನಲ್ಲಿ ಕದ್ದು ಹುಡುಕುತ್ತಿದ್ದುದನ್ನು ಅವರು ನೋಡಿಬಿಟ್ಟಿದ್ದರು.

ನಂಬರ್, ವರ್ಷ ಎರಡನ್ನೂ ತಡವರಿಸದೆ ಹೇಳಿದರು. ಸುಳ್ಯ ಕೋರ್ಟಿನ ತೀರ್ಪು ತೆರೆದುಕೊಂಡಿತು. ಕಲ್ಲುಗುಂಡಿಯ ತಿರುವಿನಲ್ಲಿ ಇವರ ಜೀಪು ಬಡಿದು ಒಬ್ಬರ ಕಾಲು ಮುರಿದಿತ್ತು. ಇವರು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರು.

"ತಿರುವಲ್ಲಿ ಓವರ್‌ಟೇಕ್ ಮಾಡಿದ್ದು ನಾನೇ. ಪೂರ್ತಿ ಓದಿ, ಮತ್ತೆ ಮಗಳನ್ನು ಕಳಿಸುದೋ ಬೇಡವೋ ಹೇಳಿ. ನಾನು ಕಾಯ್ತೇನೆ" ಎಂದು ಎಂಜಿನ್ ಆಫ್ ಮಾಡಿದರು.

ಓದಿದೆ. ಮಗಳ ಬ್ಯಾಗನ್ನು ಅವರ ಕೈಗೆ ಕೊಟ್ಟೆ.

ಆ ನಂಬರ್ ಈಗ ನನಗೂ ಬಾಯಿಪಾಠ. ನನ್ನದೇ ಒಂದು ತಪ್ಪನ್ನು ಹಾಗೆ ತಡವರಿಸದೆ ಹೇಳಲು ಮಾತ್ರ ನನಗೆ ಇನ್ನೂ ಬಂದಿಲ್ಲ.