ಭಟ್ ಸರ್ ಕಿವಿಯಿಂದ ಆರಿಸಿದ ಲ್ಯಾಪ್‌ಟಾಪ್

ಕೊರೊನಾ ಕಳೆದು ತರಗತಿಗಳು ಮತ್ತೆ ತುಂಬಿಕೊಂಡ ಎರಡನೆಯ ವರ್ಷ ಅದು. ಮಂಗಳೂರಿನಲ್ಲಿ ಬಂದರ್ ಕಡೆಗೆ ಇಳಿಯುವ ರಸ್ತೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಚಾರ್ಜ್ ಆಗಿದ್ದೆ. ಸೇವೆಗೆ ಸೇರಿ ಇಪ್ಪತ್ತೇಳು ವರ್ಷವಾಗಿತ್ತು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಲ್ಯಾಬ್ ಇದ್ದದ್ದು ಮೂರನೆಯ ಮಹಡಿಯಲ್ಲಿ. ಮೂವತ್ತಾರು ಕಂಪ್ಯೂಟರ್, ಪಶ್ಚಿಮಕ್ಕೆ ನಾಲ್ಕು ಕಿಟಕಿ. ಕಿಟಕಿಯಾಚೆ ಗೋದಾಮುಗಳ ಹಂಚಿನ ಮಾಡು, ಅದರಾಚೆ ನದಿಯ ಒಂದು ತುಂಡು. ರಜೆಯ ಮಧ್ಯಾಹ್ನಗಳಲ್ಲಿ ಆ ನೀರು ಬಿಸಿಲಿಗೆ ಬೆಳ್ಳಗಾಗಿ, ನೋಡುತ್ತಾ ಕೂತರೆ ಅದು ನೀರೋ ಆಕಾಶವೋ ಎಂದು ತಿಳಿಯುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಕನ್ನಡ ವಿಭಾಗದ ಸುಬ್ರಾಯ ಭಟ್ಟರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ದೇವಸ್ಥಾನದ ಅರ್ಚಕರ ಮನೆತನದವರು, ವಯಸ್ಸು ಐವತ್ತನಾಲ್ಕು. ಅವರ ಕಣ್ಣಿನ ರೆಟಿನಾ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಬಂದಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಆ ವರ್ಷ ಕೊಳವೆಯೂ ಮಸುಕಾಗಿತ್ತು.

"ಜಯಂತಿ ಮೇಡಂ, ಒಂದು ಲ್ಯಾಪ್‌ಟಾಪ್ ತಗೊಳ್ಬೇಕು. ಯಾವುದು ಒಳ್ಳೆಯದು?"

ಪ್ರತಿ ವರ್ಷ ಹತ್ತಾರು ಜನ ಕೇಳುವ ಪ್ರಶ್ನೆ. ಆದರೆ ಅವರು ಕುರ್ಚಿ ಎಳೆದು ಕೂತ ರೀತಿ ಬೇರೆ ಇತ್ತು. ನಿಧಾನವಾಗಿ ವಿಷಯ ಹೇಳಿದರು. ಅವರ ವಿದ್ಯಾರ್ಥಿಗಳ ಇಂಟರ್ನಲ್ ಅಂಕಗಳನ್ನು ಎರಡು ವರ್ಷದಿಂದ ಸಹೋದ್ಯೋಗಿಗಳೇ ಕಂಪ್ಯೂಟರಿಗೆ ಹಾಕುತ್ತಿದ್ದರು. ಪ್ರಶ್ನೆಪತ್ರಿಕೆಯನ್ನು ಅವರು ಹೇಳಿದಂತೆ ಇನ್ನೊಬ್ಬರು ಟೈಪ್ ಮಾಡುತ್ತಿದ್ದರು. ಪ್ರಿನ್ಸಿಪಾಲರು ಕರೆದು, ತೀರಾ ಸಂಕೋಚದಿಂದಲೇ ಹೇಳಿದ್ದರಂತೆ: "ನಿಮ್ಮನ್ನು ಕಳಿಸುವ ಮನಸ್ಸು ನನಗಿಲ್ಲ ಸರ್. ಆದರೆ ಗುಟ್ಟಿನ ಕೆಲಸ ಬೇರೆಯವರ ಕೈಯಲ್ಲಿ ಮಾಡಿಸಲಿಕ್ಕೆ ಆಗುವುದಿಲ್ಲ. ಕಾಲೇಜು ಶುರುವಾಗುವಾಗ ನೀವೇ ಮಾಡಿ ತೋರಿಸಿದರೆ ನನಗೆ ಬೇರೇನೂ ಬೇಡ." ಇಲ್ಲವಾದರೆ ಸ್ವಯಂ ನಿವೃತ್ತಿ. ಮುಂದೆ ಆರು ವಾರ ಇತ್ತು.

"ಮನೆಯಲ್ಲಿ ಕೂತು ಎಂತ ಮಾಡುವುದು ಮಾರಾಯ್ರೆ?" ಎಂದರು. ಆಮೇಲೆ, "ಕನಸಿನಲ್ಲಿ ನಾನು ಈಗಲೂ ಓದ್ತೇನೆ. ಪುಟ ತುಂಬಾ ಸ್ಪಷ್ಟ ಉಂಟು. ಎದ್ದ ಮೇಲೆ ಏನು ಓದಿದ್ದೆ ಅಂತ ನೆನಪಾಗುವುದಿಲ್ಲ, ಅಷ್ಟೇ" ಎಂದು ನಕ್ಕರು.

ಕಂಪ್ಯೂಟರ್ ಕೊಳ್ಳುವವರು ಸಾಮಾನ್ಯವಾಗಿ ಹೊರಗೆ ಬರೆದ ಕಂಪನಿಯ ಹೆಸರು ನೋಡುತ್ತಾರೆ. ನಿಜವಾಗಿ ಆರಿಸಬೇಕಾದದ್ದು ಪ್ಲಾಟ್‌ಫಾರ್ಮನ್ನು, ಅಂದರೆ ಯಂತ್ರದ ಒಳಗೆ ಕೂತು ಎಲ್ಲವನ್ನೂ ನಡೆಸುವ ಮೂಲ ವ್ಯವಸ್ಥೆಯನ್ನು. ನಮ್ಮ ಕಡೆ ಹೆಚ್ಚಿನವರು ಬಳಸುವುದು ವಿಂಡೋಸ್. ಇನ್ನೊಂದು ಮ್ಯಾಕ್. ಮೂರನೆಯದು ಲಿನಕ್ಸ್, ಯಾರು ಬೇಕಾದರೂ ತೆಗೆದುಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದದ್ದು. ನಾನು ಲಿನಕ್ಸಿನವಳು. ಲ್ಯಾಬಿನ ಮೂವತ್ತಾರು ಯಂತ್ರಗಳಿಗೂ ಅದನ್ನೇ ನನ್ನ ಕೈಯಾರೆ ಹಾಕಿದ್ದೆ. ಯಾರು ಕೇಳಿದರೂ ನನ್ನ ಉತ್ತರ ಅದೇ ಆಗಿರುತ್ತಿತ್ತು. ಭಟ್ ಸರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ನನ್ನ ಬಾಯಲ್ಲಿತ್ತು. ಆದರೂ ಮೂರನ್ನೂ ತೋರಿಸುವುದು ನ್ಯಾಯ ಅಂತ ಅನಿಸಿತು.

ಮರುವಾರ ಲ್ಯಾಬಿನ ಕಿಟಕಿ ಪಕ್ಕದ ಮೇಜಿನಲ್ಲಿ ಮೂರು ಲ್ಯಾಪ್‌ಟಾಪ್ ಇಟ್ಟೆ. ನನ್ನದು ಲಿನಕ್ಸ್. ಆಫೀಸಿನಿಂದ ವಿಂಡೋಸಿನ ಒಂದನ್ನು ಕೇಳಿ ತಂದೆ. ಮ್ಯಾಕ್ ಅವರ ತಮ್ಮ ಗಣಪತಿಯದ್ದು. ಮಸ್ಕತ್‌ನಲ್ಲಿ ಕೆಲಸ, ರಜೆಗೆ ಬಂದಿದ್ದರು. "ಅಣ್ಣ, ನಿನಗೆ ಇದೇ ಸರಿಯಾದರೆ ಇಟ್ಟುಕೋ, ನಾನು ಬೇರೆ ತಗೊಳ್ತೇನೆ" ಎಂದು ಬಿಟ್ಟುಹೋಗಿದ್ದರು.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲಿದ್ದದ್ದನ್ನೆಲ್ಲ ಅದು ಗಟ್ಟಿಯಾಗಿ ಓದುತ್ತದೆ. ಮೌಸ್ ಇಲ್ಲ, ಎಲ್ಲವೂ ಕೀಲಿಗಳಿಂದಲೇ. ಮೂರು ಪ್ಲಾಟ್‌ಫಾರ್ಮಿಗೂ ಅಂಥದ್ದು ಉಂಟು. ನಾನು ಅದುವರೆಗೆ ಒಂದು ದಿನವೂ ಅದನ್ನು ಬಳಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಮೊದಲ ದಿನ ಒಂದು ಯಂತ್ರದಲ್ಲಿ, ಸಹೋದ್ಯೋಗಿ ಟೈಪ್ ಮಾಡಿಕೊಟ್ಟಿದ್ದ ಅವರ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯ ಪುಟವೊಂದನ್ನು ತೆರೆದೆ. ದನಿ ಪುಟದ ಸಂಖ್ಯೆ ಓದಿತು, ಇಂಗ್ಲಿಷಿನಲ್ಲಿದ್ದ ತಾರೀಕು ಓದಿತು, ಮತ್ತೆ ಸುಮ್ಮನಾಯಿತು. ಕನ್ನಡದ ದನಿಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು ಎಂದು ನನಗೆ ಗೊತ್ತಿರಲಿಲ್ಲ. ಭಟ್ ಸರ್ ತಲೆ ವಾಲಿಸಿ ಕಾಯುತ್ತಿದ್ದರು.

"ಮುಗಿಯಿತಾ?"

"ಇಲ್ಲ ಸರ್. ಇಡೀ ಪುಟ ಉಂಟು."

ಆ ಭಾನುವಾರ ಕಾವೂರಿನ ನನ್ನ ಮನೆಯಲ್ಲಿ, ಹಾಡಹಗಲಲ್ಲಿ, ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಶಾಲಿನಿಂದ ಕಣ್ಣು ಕಟ್ಟಿಕೊಂಡು ಕೂತೆ. ಒಂದು ಫೈಲ್ ತೆರೆಯಲು ಇಪ್ಪತ್ತು ನಿಮಿಷ ಬೇಕಾಯಿತು. ಆಮೇಲೆ ಮೆಲ್ಲಗೆ ಏನೋ ಆಯಿತು. ಪರದೆ ನನ್ನ ಮುಂದೆ ಇಲ್ಲ, ನಾನು ಅದರೊಳಗೆ ನಡೆಯುತ್ತಿದ್ದೇನೆ ಅನಿಸತೊಡಗಿತು. ಒಂದು ಕೀಲಿ ಒತ್ತಿದರೆ ಒಂದು ಕೋಣೆ, ಇನ್ನೊಂದು ಒತ್ತಿದರೆ ಓಣಿ, ಕಾಣದ ಒಂದು ಊರಿನ ಹಾಗೆ. ದನಿ ನನ್ನ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಹೊರಗೆ ಕೆರೆಯ ಕಡೆಯಿಂದ ಬರುತ್ತಿದ್ದ ಹಕ್ಕಿಗಳ ಕೂಗು, ಪಕ್ಕದ ಮನೆಯ ಮಿಕ್ಸಿಯ ಸದ್ದು ಎಲ್ಲ ಸೇರಿ ಆ ಊರೊಳಗೇ ಇದ್ದ ಹಾಗಿತ್ತು. ಶಾಲು ಬಿಚ್ಚಿದಾಗ ಮೂರು ತಾಸು ಕಳೆದಿತ್ತು, ಬೆಳಕು ಅಪರಿಚಿತವಾಗಿ ಕಂಡಿತು. ಎರಡು ದಿನ ಆ ದನಿ ನಿದ್ದೆಯಲ್ಲೂ ಮಾತಾಡಿತು.

ಇನ್ನೊಂದು ತೊಡಕು ಹಳೆಯ ಪಾಠಗಳದ್ದು. ಹತ್ತೊಂಬತ್ತು ವರ್ಷ ಅವರು ಟೈಪ್ ಮಾಡಿಟ್ಟದ್ದೆಲ್ಲ ಹಳೆಯ ಕಾಲದ ಫಾಂಟಿನಲ್ಲಿತ್ತು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಯಂತ್ರಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸುವಂತೆ ಮಾಡುವ ಯುನಿಕೋಡ್ ಎಂಬ ಪದ್ಧತಿಗೆ ಅದನ್ನು ಪರಿವರ್ತಿಸಬೇಕಿತ್ತು. ನಾನು ದಿನಕ್ಕೆ ಒಂದಿಷ್ಟು ಫೈಲ್ ಪರಿವರ್ತಿಸಿ ಕೊಡುತ್ತಿದ್ದೆ, ಅವರು ಕೇಳಿ ಕೇಳಿ ಪರೀಕ್ಷಿಸುತ್ತಿದ್ದರು.

ಮ್ಯಾಕಿನ ಕನ್ನಡ ದನಿ ಕೇಳಿದ ದಿನ ನಾನು ಮನಸ್ಸಿನಲ್ಲೇ ಸೋಲೊಪ್ಪಿದ್ದೆ. ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕೂತು ಓದಿದಷ್ಟು ಸಹಜ. ಲಿನಕ್ಸಿನಲ್ಲಿದ್ದದ್ದು ತಗಡಿನ ಡಬ್ಬಿಯೊಳಗಿಂದ ಬಂದಂಥ ಒರಟು ದನಿ, ಉಸಿರು ಬಿಡದೆ ಓದುವಂಥದ್ದು. ಕನ್ನಡ ಮೇಷ್ಟ್ರು ಯಾವುದನ್ನು ಆರಿಸುತ್ತಾರೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಒಂದು ವಾರ ಅವರು ಮಧ್ಯಾಹ್ನವೆಲ್ಲ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಆ ಸಿಹಿ ದನಿ ಕೇಳುತ್ತಾ ಕೂತಿದ್ದರು. ಕಿಟಕಿಯಿಂದ ಉಪ್ಪುಗಾಳಿ ಬರುತ್ತಿತ್ತು, ದೂರದಲ್ಲಿ ಬೋಟಿನ ಇಂಜಿನ್ ಶಬ್ದ. ಅವರು ಎಚ್ಚರದಲ್ಲಿದ್ದಾರೋ ನಿದ್ದೆಯಲ್ಲೋ ಎಂದು ನಾನು ಅನುಮಾನಿಸುತ್ತಿದ್ದೆ.

ಗಣಪತಿ ಯಂತ್ರವನ್ನು ಎರಡು ದಿನಕ್ಕೆ ವಾಪಸು ಒಯ್ದಾಗ, ಅದರಲ್ಲಿ ಕೇಳಿ ಮುಗಿಸಿದ್ದ ಪಾಠವನ್ನೇ ಅವರು ಲಿನಕ್ಸಿನಲ್ಲಿ ಮತ್ತೆ ಕೇಳಿದರು. ಐದು ನಿಮಿಷವೂ ಆಗಿರಲಿಲ್ಲ, ಕೈ ಮೇಲೆತ್ತಿದರು.

"ನಿಲ್ಲಿಸಿ, ನಿಲ್ಲಿಸಿ. ಈ ಬಾವ ಯಾರು?"

"ಯಾವ ಬಾವ ಸರ್?"

"ಈ ಪದ್ಯದಲ್ಲಿ ಕವಿಯ ಬಾವ ಎದ್ದು ಕಾಣುತ್ತದೆ ಅಂತ ಓದಿತಲ್ಲ."

ನಾನು ಪರದೆ ನೋಡಿದೆ. 'ಭಾವ' ಇರಬೇಕಾದಲ್ಲಿ 'ಬಾವ' ಎಂದೇ ಇತ್ತು. ಪರಿವರ್ತನೆಯ ತಪ್ಪಿರಬಹುದೆಂದು ಹಳೆಯ ಫೈಲ್ ತೆಗೆದೆ. ಅಲ್ಲೂ ಬಾವನೇ. ಹತ್ತೊಂಬತ್ತು ವರ್ಷದ ಹಿಂದೆ ಅವರ ಕೈಯಿಂದಲೇ ಬಂದ ತಪ್ಪು. ಎಷ್ಟೋ ತಂಡ ವಿದ್ಯಾರ್ಥಿಗಳು ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಓದಿದ್ದರು, ಯಾರಿಗೂ ಕಂಡಿರಲಿಲ್ಲ. ಭಟ್ ಸರ್ ಮೇಜು ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಅವರೆಂದರು:

"ಆ ಚಂದದ ದನಿಯೂ ಇದನ್ನು ಓದಿತ್ತು. ನನಗೆ ಕೇಳಲಿಲ್ಲ. ಅದು ಮನುಷ್ಯರ ಹಾಗೆ ಓದ್ತದೆ. ಮನುಷ್ಯರು ಓದಿದರೆ ನಾವು ಅರ್ಥ ಕೇಳ್ತೇವೆ, ಅಕ್ಷರ ಕೇಳುವುದಿಲ್ಲ. ನನಗೆ ಹುಡುಗರ ಅಕ್ಷರ ತಿದ್ದಬೇಕಲ್ಲ. ಈ ಒರಟನೇ ಇರಲಿ."

ಬಾಲ್ಯದಲ್ಲಿ ಅವರು ಅಪ್ಪನ ಎದುರು ಕೂತು ಮಂತ್ರಗಳನ್ನು ಕೇಳಿಯೇ ಕಲಿತವರು. ಒಂದು ಸ್ವರ ತಪ್ಪಿದರೆ ಅಪ್ಪ ಮೊದಲಿನಿಂದ ಹೇಳಿಸುತ್ತಿದ್ದರಂತೆ. ಆ ಕಿವಿ ಇಷ್ಟು ವರ್ಷ ಕಣ್ಣಿನ ಹಿಂದೆ ಸುಮ್ಮನೆ ಕೂತಿತ್ತು. ಒರಟು ದನಿಯನ್ನು ಮ್ಯಾಕಿನಲ್ಲೂ ಹೇಗಾದರೂ ಕೂರಿಸಬಹುದಿತ್ತೇನೋ. ನಾನು ಆ ಮಾತೆತ್ತಲಿಲ್ಲ. ಲಿನಕ್ಸಿನಲ್ಲಿ ಅದು ಮೊದಲೇ ಇತ್ತು, ನನಗೆ ಅಷ್ಟು ಸಾಕಿತ್ತು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಗೆದ್ದವಳ ಹಾಗೆ ನಗುತ್ತಿದ್ದೆ.

ಕಾಲೇಜು ಶುರುವಾಗಲು ಹನ್ನೆರಡು ದಿನ ಇತ್ತು. ಹಿಂದಿನ ಸಂಜೆ ನಾನು ಲಿನಕ್ಸ್ ಯಂತ್ರಕ್ಕೆ ಒಂದು ಅಪ್‌ಡೇಟ್ ಹಾಕಿ, ಪರೀಕ್ಷಿಸದೆ ಮನೆಗೆ ಹೋಗಿದ್ದೆ. ತಪ್ಪು ಪೂರ್ತಿ ನನ್ನದೇ. ಮರುದಿನ ಮೀಟಿಂಗ್ ಮುಗಿಸಿ ಹನ್ನೊಂದೂವರೆಗೆ ಲ್ಯಾಬಿಗೆ ಬಂದಾಗ ಭಟ್ ಸರ್ ಯಂತ್ರದ ಎದುರು ನೇರವಾಗಿ ಕೂತಿದ್ದರು. ಪರದೆ ಉರಿಯುತ್ತಿತ್ತು. ದನಿ ಇರಲಿಲ್ಲ.

"ಯಾವಾಗ ಬಂದಿರಿ ಸರ್?"

"ಒಂಬತ್ತೂಮುಕ್ಕಾಲಿಗೆ. ಆನ್ ಮಾಡಿದೆ. ಮಾತಾಡಲಿಲ್ಲ. ಮತ್ತೆ ಆಫ್ ಮಾಡಿದೆ, ಆನ್ ಮಾಡಿದೆ. ಈಗ ಅದು ಆನ್ ಉಂಟಾ ಆಫ್ ಉಂಟಾ ಅಂತ ಸಹ ಗೊತ್ತಿಲ್ಲ."

"ನನಗೆ ಫೋನ್ ಮಾಡಬಾರದಿತ್ತಾ?"

"ಮಾಡಬಹುದಿತ್ತು." ಕೀಲಿಗಳ ಮೇಲಿಂದ ಕೈ ತೆಗೆದು, "ನೀವು ಎರಡು ವರ್ಷದಲ್ಲಿ ರಿಟೈರ್ ಆಗ್ತೀರಿ ಮೇಡಂ. ಆಮೇಲೆ ಯಾರಿಗೆ ಮಾಡುವುದು ಅಂತ ಯೋಚಿಸ್ತಾ ಕೂತೆ" ಎಂದರು.

ದನಿಯನ್ನು ಸರಿಪಡಿಸಲು ನನಗೆ ಬೇಕಾದದ್ದು ನಾಲ್ಕು ನಿಮಿಷ. ಅವರು ಕಾದದ್ದು ಒಂದೂಮುಕ್ಕಾಲು ತಾಸು. ಕಿಟಕಿಯ ಬಳಿ ಹೋಗಿ ನಿಂತೆ. ನಾಚಿಕೆಯಾಯಿತು. ನಾನು ಅವರಿಗೆ ಯಂತ್ರ ಆರಿಸುತ್ತಿದ್ದೆನೋ, ನನ್ನ ಪಕ್ಷಕ್ಕೆ ಒಬ್ಬರನ್ನು ಸೇರಿಸಿಕೊಳ್ಳುತ್ತಿದ್ದೆನೋ? ಕಾಲೇಜಿನಲ್ಲಿ ಆ ಯಂತ್ರದ ಒಳಗು ಗೊತ್ತಿದ್ದವಳು ನಾನೊಬ್ಬಳೇ. ಅದನ್ನು ಅಷ್ಟು ವರ್ಷ ಹೆಮ್ಮೆ ಎಂದುಕೊಂಡಿದ್ದೆ.

ಅಂದು ಮಧ್ಯಾಹ್ನ ಪರಿಚಯದವರನ್ನೆಲ್ಲ ಕೇಳಿ ಒಂದು ಹೆಸರು ಹುಡುಕಿದೆ. ಕಂಕನಾಡಿಯ ಒಂದು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದ ವಿಕ್ಟರ್, ಹುಟ್ಟಿನಿಂದಲೇ ಕಣ್ಣು ಕಾಣದವರು. ಫೋನಿನಲ್ಲಿ ಭಟ್ ಸರ್ ಜೊತೆ ಮಾತಾಡಿಸಿದೆ. ವಿಕ್ಟರ್ ಬಳಸುತ್ತಿದ್ದದ್ದು ವಿಂಡೋಸ್. ಅವರ ಜೊತೆ ಅದನ್ನೇ ಬಳಸುವ ಹದಿನೈದು ಜನರ ಗುಂಪೇ ಇತ್ತು. ಯಾರು ಎಲ್ಲಿ ಸಿಕ್ಕಿಬಿದ್ದರೂ ವಾಟ್ಸಾಪಿನಲ್ಲಿ ದನಿ ಕಳಿಸಿದರೆ ಇನ್ನೊಬ್ಬರು ದಾರಿ ಹೇಳುತ್ತಿದ್ದರು.

"ನಿಮ್ಮ ಆ ಒರಟು ದನಿ ಇದರಲ್ಲಿಯೂ ಉಂಟು ಸರ್, ನಾನೂ ಅದನ್ನೇ ಕೇಳುವುದು" ಎಂದರು ವಿಕ್ಟರ್. "ದನಿ ನಿಂತರೆ ಹೆದರಬೇಡಿ. ಕಂಟ್ರೋಲ್, ಆಲ್ಟ್, ಎನ್ ಒತ್ತಿ. ಅದು ಎದ್ದು ಕೂರ್ತದೆ."

ಭಟ್ ಸರ್ ಆಫೀಸಿನ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ಆ ಮೂರು ಕೀಲಿ ಹುಡುಕಿದರು. ಬೇಕೆಂದೇ ದನಿ ನಿಲ್ಲಿಸಿ, ಮತ್ತೆ ಎಬ್ಬಿಸಿದರು. ಹೀಗೆ ಏಳೆಂಟು ಸಲ. ನಾನು ಕುರ್ಚಿ ಹಿಂದಕ್ಕೆ ಸರಿಸಿ, "ಸರ್, ನೀವು ವಿಂಡೋಸನ್ನೇ ತಗೊಳ್ಳಿ" ಎಂದೆ. ಆ ಮಾತನ್ನು ನನ್ನ ಸೇವೆಯಲ್ಲಿ ಮೊದಲ ಬಾರಿ ಹೇಳಿದ್ದೆ. ಗಣಪತಿ ಬೇಸರಿಸದೆ ತಾವೇ ಅಂಗಡಿಗೆ ಹೋಗಿ ಹದಿನಾಲ್ಕು ಇಂಚಿನ ಒಂದನ್ನು ತಂದುಕೊಟ್ಟರು.

ಕಾಲೇಜು ಶುರುವಾದ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಅವರು ಲ್ಯಾಪ್‌ಟಾಪ್ ತೆರೆದರು. ನಾನು ಬಾಗಿಲ ಬಳಿ ನಿಂತಿದ್ದೆ. ಹತ್ತು ಅಂಕಗಳ ಒಂದು ಪ್ರಶ್ನೆಪತ್ರಿಕೆ ಟೈಪ್ ಮಾಡಿದರು. ಮಾದರಿಗೆಂದು ಕೊಟ್ಟ ಆರು ವಿದ್ಯಾರ್ಥಿಗಳ ಅಂಕಗಳನ್ನು ಕಾಲೇಜಿನ ಪೋರ್ಟಲಿಗೆ ಹಾಕಿದರು. ನಾಲ್ಕನೆಯದರಲ್ಲಿ ದನಿ ನಿಂತುಹೋಯಿತು. ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಅಷ್ಟರಲ್ಲಿ ಅವರ ಎಡಗೈ ಕೀಲಿಗಳನ್ನು ಹುಡುಕಿಕೊಂಡಿತ್ತು. ದನಿ ಮತ್ತೆ ಮಾತಾಡಿತು. ಆರೂ ಮುಗಿದ ಮೇಲೆ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು, "ನನಗಿಂತ ಬೇಗ ಮಾಡಿದ್ರಿ ಸರ್" ಎಂದರು.

ಅಂದಿನಿಂದ ಯಾರಾದರೂ ಯಾವ ಲ್ಯಾಪ್‌ಟಾಪ್ ಒಳ್ಳೆಯದು ಎಂದು ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ಅದು ಕೆಟ್ಟು ನಿಂತ ದಿನ ನಿಮ್ಮ ಜೊತೆ ಯಾರಿರುತ್ತಾರೆ? ಉತ್ತರ ಗೊತ್ತಾದರೆ ಯಂತ್ರ ಆರಿಸುವುದು ಕಷ್ಟವಲ್ಲ. ನಾನು ಈಗಲೂ ಲಿನಕ್ಸನ್ನೇ ಬಳಸುತ್ತೇನೆ. ಆದರೆ ಅದು ನನ್ನ ಮೇಜಿನ ಮಟ್ಟಿಗೆ ಮಾತ್ರ.

ಒಂದು ತಿಂಗಳ ನಂತರ ಏನಾದರೂ ಸಹಾಯ ಬೇಕೇ ಎಂದು ಕೇಳಲು ಕನ್ನಡ ವಿಭಾಗಕ್ಕೆ ಇಳಿದು ಹೋದೆ. ಭಟ್ ಸರ್ ಫೋನಿನಲ್ಲಿದ್ದರು. ಗುಂಪಿಗೆ ಹೊಸದಾಗಿ ಸೇರಿದ ಯಾರಿಗೋ ಕೀಲಿಗಳ ದಾರಿ ಹೇಳಿಕೊಡುತ್ತಿದ್ದರು, ತರಗತಿಯಲ್ಲಿ ಹೇಳುವಷ್ಟೇ ತಾಳ್ಮೆಯಿಂದ. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ಕೇಳಿದೆ, ಮತ್ತೆ ಸದ್ದಾಗದಂತೆ ಮೆಟ್ಟಿಲು ಹತ್ತಿದೆ. ಅವರಿಗಾಗಿ ನಾನು ಮಾಡಬೇಕಾದ ಕೆಲಸ ಯಾವುದೂ ಉಳಿದಿರಲಿಲ್ಲ.